ತೆಗೆಯದ ಕಿಟಕಿ

ರುಚಿ ನೋಡುವ ಕೋಣೆಯಲ್ಲಿ ಯಾವ ವಾಸನೆಯೂ ಇರಕೂಡದು. ಒಳಗೆ ಬರುವವರು ಅತ್ತರು ಪೂಸಿಕೊಳ್ಳುವಂತಿಲ್ಲ, ಹೂವು ಮುಡಿಯುವಂತಿಲ್ಲ, ಘಮಘಮಿಸುವ ಸೋಪಿನಿಂದ ಕೈ ತೊಳೆಯುವಂತಿಲ್ಲ. ಅಂಥ ಕೋಣೆಯಲ್ಲಿ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ವೀರಭದ್ರಪ್ಪನಿಗೆ ತಲೆನೋವಿನ ಎಣ್ಣೆಯ ವಾಸನೆ ಬಂತು. ಮೊದಲು ಪುದೀನ, ಆಮೇಲೆ ಕರ್ಪೂರ, ಕೊನೆಯಲ್ಲಿ ತುಸು ಲವಂಗ. ಅದು ಸಿಯು ಎಂಗ್ ಹಚ್ಚಿಕೊಳ್ಳುತ್ತಿದ್ದ ಎಣ್ಣೆ. ಸಿಯು ಎಂಗ್ ಅಮೆರಿಕದಲ್ಲಿ ತೀರಿಕೊಂಡು ಕೆಲವು ವಾರಗಳಾಗಿದ್ದವು.

ಅವನು ಮೇಜು ಒರೆಸಿದ. ಗಾಳಿಯ ಫಿಲ್ಟರ್ ಬದಲಾಯಿಸಿದ. ಕುರ್ಚಿ, ಪರದೆ, ಕಸದ ಬುಟ್ಟಿ ಎಲ್ಲವನ್ನೂ ಹೊರಗೊಯ್ದು ಮೂಸಿ ನೋಡಿದ. ಮಧ್ಯಾಹ್ನ ಬಂದರೆ ಮತ್ತೆ ಅದೇ ವಾಸನೆ. ಲ್ಯಾಬಿನ ಇಬ್ಬರನ್ನು ಕರೆದು ಕೇಳಿದರೆ ಏನೂ ಇಲ್ಲವಲ್ಲ ಎಂದರು. ಅಲ್ಲಿಯವರೆಗೆ ಅವನ ಮೂಗು ಅವನಿಗೆ ಸುಳ್ಳು ಹೇಳಿರಲಿಲ್ಲ.

ಮೂಗೇ ಅವನ ಅನ್ನ. ಗುಳೇದಗುಡ್ಡದ ನೇಕಾರರ ಮನೆಯ ಹುಡುಗ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಸಿಂಗಪುರದ ಒಂದು ಫ್ಲೇವರ್ ಕಂಪನಿಗೆ ಸೇರಿದ್ದ. ಪೊಟ್ಟಣದ ನೂಡಲ್ಸಿಗೆ ಕೋಳಿಯ ರುಚಿ, ಚಿಪ್ಸಿಗೆ ಸೀಗಡಿಯ ರುಚಿ ಕಟ್ಟುವುದು ಅಲ್ಲಿನ ಕೆಲಸ. ಅಂಗಿಯೊಳಗೆ ಲಿಂಗ ಕಟ್ಟಿಕೊಂಡ ವೀರಭದ್ರಪ್ಪ ಕೋಳಿಯನ್ನಾಗಲಿ ಸೀಗಡಿಯನ್ನಾಗಲಿ ಬಾಯಿಗೆ ಇಟ್ಟವನಲ್ಲ. ಅವನು ಮೂಸಿ ಕಟ್ಟುತ್ತಿದ್ದ. ಪಕ್ಕದಲ್ಲಿ ಕೂತ ಸಿಯು ಎಂಗ್ ತಿಂದು ಹೇಳುತ್ತಿದ್ದಳು. ಇಬ್ಬರೂ ಸೇರಿ ಒಬ್ಬ ಪೂರ್ತಿ ಮನುಷ್ಯ ಎಂದು ಲ್ಯಾಬಿನಲ್ಲಿ ತಮಾಷೆ ಮಾಡುತ್ತಿದ್ದರು. ದಿನದ ಕೊನೆಯ ಸ್ಯಾಂಪಲ್ ಸರಿಯಾಯಿತು ಎನ್ನಿಸಿದಾಗ ಅವಳು ಏನೂ ಹೇಳುತ್ತಿರಲಿಲ್ಲ. ಕೈಚೀಲದಿಂದ ಪುಟ್ಟ ಸೀಸೆ ತೆಗೆದು ಹಣೆಯ ಎರಡೂ ಬದಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆ ಎಣ್ಣೆ ಹಚ್ಚಿದ ಮೇಲೆ ಅವಳ ನಾಲಿಗೆ ಅವತ್ತಿಗೆ ಕೆಲಸಕ್ಕೆ ಬಾರದು. ಹಾಗಾಗಿ ಎಣ್ಣೆಯ ವಾಸನೆ ಬಂದರೆ ಕೆಲಸ ಮುಗಿಯಿತು ಎಂದೇ ಅರ್ಥ.

ಅವಳ ತಾಯಿ ಒಂದು ಕಾಲದಲ್ಲಿ ಇದ್ದಿಲೊಲೆಯ ಮೇಲೆ ಕ್ವೇ ತಿಯಾವ್ ಹುರಿದು ಮಾರುತ್ತಿದ್ದಳು. ಕ್ವೇ ತಿಯಾವ್ ಅಂದರೆ ಅಕ್ಕಿಹಿಟ್ಟಿನ ಅಗಲ ಶಾವಿಗೆ. ಉರಿಯುವ ಬಾಣಲೆಗೆ ಸೋಯಾ ಸಾಸ್ ಬಿದ್ದಾಗ ಏಳುವ ಒಂದು ಹೊಗೆಯ ಘಮ ಅದರ ಜೀವ. ಅದನ್ನು ತಿಳಿಯಲೆಂದು ಸಿಯು ಎಂಗ್ ಅವನನ್ನು ಯಿಶುನ್ ಬಡಾವಣೆಯ ಹಾಕರ್ ಸೆಂಟರಿಗೆ, ಸಣ್ಣ ಊಟದಂಗಡಿಗಳ ಸಾಲಿಗೆ, ಕರೆದೊಯ್ದಿದ್ದಳು. ಅವನು ಗಾಳಿ ಬೀಸುವ ದಿಕ್ಕು ನೋಡಿಕೊಂಡು ಅಂಗಡಿಯೊಂದರ ಪಕ್ಕ ಕಣ್ಣು ಮುಚ್ಚಿ ನಿಂತ.

"ನಿನ್ನ ಫ್ರೆಂಡ್ ಏನೂ ತಿನ್ನಲ್ವಾ?" ಎಂದು ಅಂಗಡಿಯಾತ ಕೇಳಿದ.

"ಅವನಿಗೆ ಹಂದಿ ಕೊಬ್ಬು ಆಗಲ್ಲ. ವಾಸನೆ ಮಾತ್ರ."

"ಹಾಗಾದ್ರೆ ವಾಸನೇನೇ ಪಾರ್ಸಲ್ ಕಟ್ಟಿಕೊಡ್ಲಾ? ಮೆಣಸಿನಕಾಯಿ ಹಾಕ್ಲಾ, ಬೇಡ್ವಾ?"

ಸಿಯು ಎಂಗ್ ಬಿದ್ದು ಬಿದ್ದು ನಕ್ಕಳು. ಆಮೇಲೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು, "ಚೆನ್ನಾಗಿದೆ. ಆದ್ರೆ ಅಮ್ಮನದ್ದಲ್ಲ ಲಾ," ಎಂದಳು, ಸಿಂಗಪುರದವರ ರೂಢಿಯಂತೆ ಮಾತಿನ ತುದಿಗೊಂದು 'ಲಾ' ಸೇರಿಸಿ.

ನಿವೃತ್ತಿಯಾದ ಮೇಲೆ ಅವಳು ಒಹಾಯೋದ ಒಂದು ಸಣ್ಣ ಊರಿನಲ್ಲಿದ್ದ ಮಗ ವೇ ಜೀಯ ಮನೆಗೆ ಹೋದಳು. ಅಲ್ಲಿಂದ ಅವಳ ದನಿ ಫೋನಿನ ವಾಯ್ಸ್ ಮೆಸೇಜಾಗಿ ಬರುತ್ತಿತ್ತು. ಸುತ್ತಲಿನ ಚೀನೀ ಹೋಟೆಲುಗಳನ್ನೆಲ್ಲ ಅವಳು ಜಾಲಾಡುತ್ತಿದ್ದಳು. "ವೀರಾ, ಇಲ್ಲಿ ಎಲ್ಲಕ್ಕೂ ಒಂದೇ ಸಕ್ಕರೆ ಪಾಕ. ಕೋಳಿಗೂ ಅದೇ, ಕೋಸಿಗೂ ಅದೇ. ಕೊನೆಗೆ ಭವಿಷ್ಯ ಬರೆದಿಟ್ಟ ಬಿಸ್ಕತ್ತು ಕೊಟ್ರು. ನನ್ನ ವಯಸ್ಸಿಗೆ ಭವಿಷ್ಯ ಯಾಕೆ ಲಾ." ಮತ್ತೊಂದು ದಿನ ಮಗ ಮೂರು ಗಂಟೆ ಕಾರು ಓಡಿಸಿ ದೊಡ್ಡ ಊರಿಗೆ ಕರೆದೊಯ್ದಿದ್ದ. ಅಲ್ಲಿಂದ ಬಂದ ಮೆಸೇಜಿನಲ್ಲಿ ಬಹಳ ಹೊತ್ತು ತಟ್ಟೆ ಚಮಚಗಳ ಸದ್ದೇ ಇತ್ತು. ಕಡೆಗೆ, "ಹೊಗೆ ಇಲ್ಲ, ವೀರಾ," ಎಂದಷ್ಟೇ.

ಅದೇ ವರ್ಷ ಅಮೆರಿಕದ ಒಂದು ಹೋಟೆಲ್ ಸಮೂಹ ಅವನ ಕಂಪನಿಗೆ ಬರೆಯಿತು: ಅಸಲಿ ಚೀನೀ ಊಟದ ಹೊಗೆಯ ರುಚಿ ಬೇಕು, ಮಾಂಸದ ಸೋಂಕಿಲ್ಲದೆ ಬೇಕು. ವೀರಭದ್ರಪ್ಪ ಎಣ್ಣೆ, ಸೋಯಾ, ಸುಟ್ಟ ಈರುಳ್ಳಿಯಿಂದ ಅದನ್ನು ಕಟ್ಟತೊಡಗಿದ. ಪ್ರತಿ ಸ್ಯಾಂಪಲನ್ನೂ ಸಿಯು ಎಂಗ್‌ಗೆ ಕಳಿಸುತ್ತಿದ್ದ. ಅವಳು ಮಾಡಿ ತಿಂದು ಬೈಯುತ್ತಿದ್ದಳು. ಜುಲೈಯಲ್ಲಿ ಬಂದ ಕೊನೆಯ ಮೆಸೇಜು ಹೀಗಿತ್ತು: "ಪ್ಯಾಕೆಟ್ ಬಂತು. ಸಂಜೆ ಮಾಡ್ತೀನಿ." ಮರುದಿನ ಬೆಳಿಗ್ಗೆ ಅವಳು ಏಳಲಿಲ್ಲ.

ಅವಳು ರುಚಿ ನೋಡಿದಳೇ? ನೋಡಿದ್ದರೆ ಏನೆಂದಳು? ತಾಯಿಯನ್ನು ಕಳೆದುಕೊಂಡ ಮಗನನ್ನು ಶಾವಿಗೆಯ ಬಗ್ಗೆ ಕೇಳುವುದು ಹೇಗೆ? ಅವನು ಕೇಳಲಿಲ್ಲ. ಸಾಂತ್ವನದ ಎರಡು ಮಾತಾಡಿ ಫೋನ್ ಇಟ್ಟ.

ಮ್ಯಾನೇಜರ್ ಅಚ್ಯುತ ಮೈಸೂರಿನವನು, ವಯಸ್ಸಿನಲ್ಲಿ ಕಿರಿಯ. ಅವನಿಗೆ ತಡಮಾಡುವುದು ಬೇಕಿರಲಿಲ್ಲ. "ಸರ್, ಟೇಸ್ಟಿಂಗ್ ಪ್ಯಾನಲ್ ಓಕೆ ಮಾಡಿದೆ. ಎಲ್ರಿಗೂ ಲೈಕ್ ಆಗಿದೆ. ಈ ವಾರ ಅಪ್ರೂವ್ ಮಾಡ್ಬಿಡಿ."

"ಪ್ಯಾನಲ್‌ನಲ್ಲಿ ಇದ್ದಿಲೊಲೆದು ತಿಂದೋರು ಯಾರಿದಾರೆ, ಅಚ್ಯುತ?"

"ಅಮೆರಿಕದಲ್ಲಿ ಯಾರಿದಾರೆ, ಸರ್?"

ವೀರಭದ್ರಪ್ಪ ರುಚಿ ಕೋಣೆಗೆ ಹೋಗಿ ಕೂತ. ಪುದೀನ, ಕರ್ಪೂರ, ಲವಂಗ.

ಸಂಜೆ ಮನೆಗೆ ಬರುವಾಗ ಅಪಾರ್ಟ್‌ಮೆಂಟ್ ಬ್ಲಾಕಿನ ಕೆಳಗೆ ತಗಡಿನ ಡಬ್ಬಿಗಳಲ್ಲಿ ಕಾಗದ ಉರಿಯುತ್ತಿತ್ತು. ಚೀನೀಯರ ಏಳನೇ ತಿಂಗಳು. ಸತ್ತವರು ಹಸಿದು ಬರುವ ಕಾಲ. ಹುಲ್ಲಿನ ಅಂಚಿನಲ್ಲಿ ಊದುಬತ್ತಿ, ಕಿತ್ತಳೆ, ಅನ್ನ. ಅವನು ತುಳಿಯದಂತೆ ಸುತ್ತಿ ಬಂದ. ಊಟಕ್ಕೆ ಕೂತಾಗ ಹೆಂಡತಿ ಉಮಾಳಿಗೆ ಎಣ್ಣೆಯ ಸಂಗತಿಯನ್ನೂ ಕೇಳದೆ ಉಳಿದ ಪ್ರಶ್ನೆಯನ್ನೂ ಹೇಳಿದ.

ಅವಳು ನಗಲಿಲ್ಲ. "ಫೋನ್ ಹಚ್ಚಿ ಕೇಳ್ರಿ. ತಾಯಿ ಬಗ್ಗೆ ಯಾರರ ಏನರ ಕೇಳ್ಲಿ ಅಂತ ಆ ಹುಡುಗನೂ ಕಾಯ್ತಿರಬೇಕು."

ವೇ ಜೀ ಕೂಡಲೇ ಫೋನ್ ಎತ್ತಿದ. ವೀರಭದ್ರಪ್ಪ ಆ ಕೊನೆಯ ಪ್ಯಾಕೆಟ್ಟಿನ ಬಗ್ಗೆ ಕೇಳಿದ.

"ಅವತ್ತು ಅಮ್ಮ ಮಾಡಿದ್ದನ್ನ ನಾನೇ ತಿಂದೆ, ಅಂಕಲ್. ಪೂರ್ತಿ. ಡ್ಯೂಟಿ ಮುಗಿಸಿ ಬಂದಿದ್ದೆ, ಹಸಿವಾಗಿತ್ತು."

"ಅವಳು?"

"ಒಂದು ತುತ್ತು ತಗೊಂಡ್ರು. ಆಮೇಲೆ ತಟ್ಟೆ ನನ್ನ ಕಡೆ ತಳ್ಳಿದ್ರು. ಏನೂ ಹೇಳಲಿಲ್ಲ. ಹೊಗೆಗೆ ಅಲಾರಂ ಕೂಗುತ್ತೆ ಅಂತ ನಾನು ಕಿಟಕಿ ತೆಗೆಯೋಕೆ ಹೋದೆ. ತೆಗೀಬೇಡ ಅಂದ್ರು. ಚಳಿ ಆಗ್ತಿರಬೇಕು ಅನ್ಕೊಂಡೆ."

"ಚಳಿ ಇತ್ತಾ?"

"ಇಲ್ಲ ಅಂಕಲ್. ಜುಲೈ ಅಲ್ವಾ."

ವೀರಭದ್ರಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ಆಮೇಲೆ?"

"ಆಮೇಲೇನಿಲ್ಲ. ಹಣೆಗೆ ಆ ಎಣ್ಣೆ ಹಚ್ಚಿಕೊಂಡು ಮಲಗಿದ್ರು. ಅವರ ದಿಂಬಿಗೆ ಇನ್ನೂ ಅದೇ ವಾಸನೆ ಇದೆ. ಒಗೆಯೋಕೆ ಹಾಕಿಲ್ಲ."

"ಹಾಕಬೇಡ," ಎಂದ ವೀರಭದ್ರಪ್ಪ. ಮುಂದೆ ಇಬ್ಬರೂ ಅವಳ ತಾಯಿಯ ಅಂಗಡಿಯ ಬಗ್ಗೆ ತುಂಬ ಹೊತ್ತು ಮಾತಾಡಿದರು.

ಶನಿವಾರ ಅವನು ಮನೆಯಲ್ಲೇ ಕಬ್ಬಿಣದ ಬಾಣಲೆ ಕಾಯಿಸಿ, ಕೊಬ್ಬಿಲ್ಲದೆ, ಮೊಟ್ಟೆಯಿಲ್ಲದೆ, ಆ ಕೊನೆಯ ಸ್ಯಾಂಪಲ್ ಹಾಕಿ ಕ್ವೇ ತಿಯಾವ್ ಹುರಿದ. ಉಮಾ ನೆಲ ಒರೆಸಿ ಬಾಳೆಲೆ ಹಾಸಿದಳು. ಅವರ ಊರಿನಲ್ಲಿ ಮಹಾನವಮಿ ಅಮಾವಾಸ್ಯೆಗೆ ಮನೆಯ ಹಿರಿಯರಿಗೆ ಹೀಗೆ ಎಡೆಯಿಟ್ಟು, ಅವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಹೊರಗೆ ಕೂರುವ ಪದ್ಧತಿ.

"ಮಾನೌಮಿ ಇನ್ನೂ ದೂರ ಐತಿ," ಎಂದ ಅವನು.

"ಅಕಿಗೆ ಇದ ತಿಂಗಳಲ್ಲೇನ್ರಿ? ಬರೋರ ಲೆಕ್ಕದಾಗ ಇಡ್ಬೇಕು." ಎಲೆಯ ಪಕ್ಕ ಚೀನೀಯರು ಉಣ್ಣುವ ಎರಡು ಕಡ್ಡಿ ಇಟ್ಟು, ರೂಢಿಯಂತೆ ಹೊಗೆ ಹೋಗಲೆಂದು ಅವಳು ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು.

"ತೆಗೀಬ್ಯಾಡ."

ಬಾಗಿಲು ಮುಂದೆ ಮಾಡಿ ಇಬ್ಬರೂ ಹೊರಗಿನ ಮೊಗಸಾಲೆಯಲ್ಲಿ ನಿಂತರು. ಕೆಳಗೆ ಬೂದಿ ಮೇಲೇಳುತ್ತಿತ್ತು. ಒಳಗೆ ಯಾವ ಸದ್ದೂ ಇಲ್ಲ. ಕೊನೆಗೆ ಉಮಾ ಕೆಮ್ಮಿ ಬಾಗಿಲು ನೂಕಿದಳು. ಎಲೆಯ ಮೇಲಿದ್ದದ್ದು ಹಾಗೇ ಇತ್ತು, ತಣ್ಣಗಾಗಿತ್ತು. ಎಡೆಯನ್ನು ಮನೆಯವರು ಉಣ್ಣಬೇಕು, ಇಬ್ಬರೂ ಉಂಡರು. ತಾನು ಕಟ್ಟಿದ್ದ ರುಚಿಯನ್ನು ವೀರಭದ್ರಪ್ಪ ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡ. ಸರಿಯೋ ತಪ್ಪೋ ಅವನ ನಾಲಿಗೆಗೆ ಹೇಳಲಾಗಲಿಲ್ಲ. ಅದು ಯಾವತ್ತೂ ಅದರ ಕೆಲಸವಾಗಿರಲಿಲ್ಲ.

ಸೋಮವಾರ ಅವನು ಅಚ್ಯುತನಿಗೆ ಒಪ್ಪಿಗೆ ಕೊಟ್ಟ. ಆಮೇಲೆ ರುಚಿ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಉಸಿರೆಳೆದ. ಏನೂ ಇರಲಿಲ್ಲ. ಪುದೀನವಿಲ್ಲ, ಕರ್ಪೂರವಿಲ್ಲ, ಆ ಕೋಣೆ ಹೇಗಿರಬೇಕೋ ಹಾಗೆಯೇ ಇತ್ತು. ಅವನು ಸಿಯು ಎಂಗ್ ಕೂರುತ್ತಿದ್ದ ಕುರ್ಚಿಯ ಮೇಲೆ ಬಾಗಿ, ಒರಗುವ ಹಲಗೆಗೆ ಮೂಗು ತಾಗಿಸಿ, ಇನ್ನೊಮ್ಮೆ ನಿಧಾನವಾಗಿ ಉಸಿರೆಳೆದುಕೊಂಡ.