ದೂಳಿನಲ್ಲಿ ಮುಕ್ರಿಯಜ್ಜನ ಸ್ವರ

ಮಕ್ಕಳೇ, ನಿಮ್ಮ ಈ ಅಜ್ಜ ಚಿಕ್ಕವನಿದ್ದಾಗ, ಅಂದರೆ ನೀವೀಗ ಮನೆ ಮಾಡಿಕೊಂಡಿರುವ ಈ ಎಗೈಲಾದಲ್ಲಿ ಇನ್ನೂ ಬರೀ ಮರಳಿದ್ದಾಗ, ನಾವು ಕುವೈತಿನ ಒಂದು ಹಳೆಯ ಬೀದಿಯಲ್ಲಿದ್ದೆವು. ಮನೆಯ ಎದುರಿಗೇ ಮಸೀದಿ. ದಪ್ಪ ಮಣ್ಣಿನ ಗೋಡೆ, ಮುಂದೆ ತಗ್ಗಾದ ಜಗಲಿ, ಹಡಗಿನಲ್ಲಿ ತಂದ ಗಳುಗಳ ಮೇಲೆ ಚಾಪೆ ಹಾಸಿ ಮಣ್ಣು ಮೆತ್ತಿದ ಮಾಡು. ಮಿನಾರವೂ ಗಿಡ್ಡ, ಅಕ್ಕ ಅದನ್ನು ‘ಕುಳ್ಳ’ ಎಂದೇ ಕರೆಯುತ್ತಿದ್ದಳು. ಸುಡುವ ಮಧ್ಯಾಹ್ನ ಬರಿಗಾಲಲ್ಲಿ ಓಡಿ ಬಂದು ಆ ಜಗಲಿಯ ಮೇಲೆ ಕಾಲಿಟ್ಟರೆ ಎಂಥ ತಂಪು! ನಿಮ್ಮ ಏಸಿಯ ತಂಪಿಗೆ ಮೂಗು ಕಟ್ಟುತ್ತದೆ, ಆ ತಂಪಿಗೆ ನಿದ್ದೆ ಬರುತ್ತಿತ್ತು.

ರಂಜಾನಿನಲ್ಲಿ ಆ ಜಗಲಿಯೇ ಇಡೀ ಬೀದಿಯ ಊಟದ ಮನೆ. ಅರಬರ ಮನೆಗಳಿಂದ ಗೋಧಿ, ಮಾಂಸ ಬೇಯಿಸಿ ಕಡೆದ ಹರೀಸ್ ಬರುತ್ತಿತ್ತು, ಮೇಲೆ ತುಪ್ಪದ ಘಮಘಮ. ನಮ್ಮ ಅಮ್ಮ, ಅಂದರೆ ಉಮ್ಮ, ಅಕ್ಕಿಯ ತೆಳು ರೊಟ್ಟಿ ಪತ್ತಿರಿ ಕಳಿಸುತ್ತಿದ್ದರು. ಅಪ್ಪನನ್ನು ಮಂಗಳೂರು ಕಡೆಯ ನಾವು ಬ್ಯಾರಿ ಮಕ್ಕಳು ಉಪ್ಪ ಎನ್ನುತ್ತಿದ್ದೆವು. ಊರಾಚೆ ಸುಲೈಬಿಯಾದ ತೋಟದಲ್ಲಿ ಕೆಲಸಕ್ಕಿದ್ದ ಉಪ್ಪ ಸಂಜೆ ಪಿಕಪ್ಪಿನಲ್ಲಿ ಕಲ್ಲಂಗಡಿ ತರುತ್ತಿದ್ದರು.

ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಲೇ ದೂಳು ಎದ್ದಿತು. ಆಕಾಶ ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಬಾಯಲ್ಲಿ ಕರಕರ ಮಣ್ಣು. ಎದುರಿನ ಮಸೀದಿಯೇ ಕಾಣದಾಯಿತು. ಉಪ್ಪ ಬಂದಿರಲಿಲ್ಲ. ದೊಡ್ಡ ರಸ್ತೆಗೂ ನಮ್ಮ ಬೀದಿಗೂ ನಡುವೆ ಬಟಾಬಯಲು. ಅಲ್ಲಿ ದಾರಿ ತಪ್ಪಿದರೆ ಮರುಭೂಮಿಯೇ ಗತಿ. ಉಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದರು, ದೂಳಿಗೋ ಅಳುವಿಗೋ ಗೊತ್ತಾಗಲಿಲ್ಲ.

ನಾನು ಗೋಡೆ ತಡವುತ್ತಾ ಮಸೀದಿಗೆ ಹೋದೆ. ಬಾಂಗ್ ಕೊಡುವ, ಅಂದರೆ ನಮಾಜಿಗೆ ಕೂಗಿ ಕರೆಯುವ ಮುಕ್ರಿಯಜ್ಜ ಅಲ್ಲಿದ್ದರು. ಅರಬರಾದರೂ ಹರೆಯದಲ್ಲಿ ಹಾಯಿಹಡಗಿನಲ್ಲಿ ಮಂಗಳೂರಿಗೆ ಹೋಗಿ ಬಂದವರು, ಹರಕುಮುರುಕು ಹಿಂದಿ ಬಲ್ಲವರು. ಈಗಲೇ ಬಾಂಗ್ ಕೊಡಿ, ಉಪ್ಪನಿಗೆ ದಾರಿ ಗೊತ್ತಾಗುತ್ತದೆ ಎಂದು ನಾನು ಅಂಗಲಾಚಿದೆ.

“ಅಭೀ ಬಾಂಗ್ ದಿಯಾ ತೋ ಸಬ್ ಕಾ ರೋಜಾ ಖಲಾಸ್!” ಎಂದು ಅವರು ಹಣೆ ಬಡಿದುಕೊಂಡರು.

ಹೌದಲ್ಲ! ಹೊತ್ತಿಗೆ ಮೊದಲೇ ಬಾಂಗ್ ಕೇಳಿದರೆ ಇಡೀ ಬೀದಿ ಖರ್ಜೂರ ಬಾಯಿಗಿಟ್ಟು ಉಪವಾಸ ಕೆಡಿಸಿಕೊಳ್ಳುತ್ತಿತ್ತು. ಆದರೆ ಅವರು ನನ್ನನ್ನು ವಾಪಸು ಕಳಿಸಲಿಲ್ಲ. “ಬಾಬಾ ಮೇರಾ ಆವಾಜ್ ಜಾನ್ತಾ. ರೋನಾ ನೈ,” ಅಂದರೆ ನಿನ್ನ ಉಪ್ಪನಿಗೆ ನನ್ನ ಸ್ವರದ ಗುರುತಿದೆ, ಅಳಬೇಡ ಎಂದು ಮೈಕಿನ ಮುಂದೆ ಕುಳಿತು ಕುರ್‌ಆನ್ ಓದತೊಡಗಿದರು. ಮುದಿ ಸ್ವರ, ನಡುನಡುವೆ ಕೆಮ್ಮು. ಉಪವಾಸವಾದ್ದರಿಂದ ಗುಟುಕು ನೀರೂ ಕುಡಿಯುವಂತಿರಲಿಲ್ಲ. ಆದರೂ ಅವರು ನಿಲ್ಲಿಸಲಿಲ್ಲ.

ಹೊತ್ತು ಮುಳುಗಿತು, ಬಾಂಗ್ ಆಯಿತು. ಎಲ್ಲರೂ ಖರ್ಜೂರ ತಿಂದು, ನೀರು ಕುಡಿದು, ನಮಾಜು ಮುಗಿಸಿದರು. ಮುಕ್ರಿಯಜ್ಜ ಮತ್ತೆ ಮೈಕಿಗೆ ಹೋದರು. ಜಗಲಿಯ ನಡುವೆ ಹರೀಸಿನ ದೊಡ್ಡ ತಟ್ಟೆ ಇತ್ತು. ಯಾರೂ ಮುಚ್ಚಳ ತೆಗೆಯಲಿಲ್ಲ. ದಿನವಿಡೀ ಹೊರೆ ಹೊತ್ತವರು, ಅಂಗಡಿಯವರು, ನಮ್ಮ ಭಾಷೆಯೇ ಬಾರದವರು ಹಸಿದುಕೊಂಡು ನನ್ನ ಉಪ್ಪನಿಗಾಗಿ ಕಾದು ಕೂತರು.

ಕೊನೆಗೆ ಬಾಗಿಲಲ್ಲಿ ಒಂದು ಮಣ್ಣಿನ ಬೊಂಬೆ ಬಂದು ನಿಂತಿತು. ಅದರ ಕಣ್ಣು ಮಾತ್ರ ಉಪ್ಪನವು.

“ಪಿಕಪ್ ಬಯಲಲ್ಲೇ ಬಿಟ್ಟೆ. ಅಜ್ಜನ ಸ್ವರ ಕೇಳಿದ ಕಡೆಗೇ ನಡ್ಕೊಂಡು ಬಂದೆ ಮಾರಾಯ,” ಎಂದರು. ನಾನು ಕಾಲು ತಬ್ಬಿಕೊಂಡು ಜೋರಾಗಿ ಅತ್ತೆ.

“ಯಲ್ಲಾ, ಬೈಠೋ!” ಎಂದು ಮುಕ್ರಿಯಜ್ಜ ಎಲ್ಲರನ್ನೂ ಊಟಕ್ಕೆ ಕೂರಲು ಗದರಿದರು. ಆಗಷ್ಟೇ ತಟ್ಟೆಯ ಮುಚ್ಚಳ ತೆಗೆದರು.

ಈಗ ಆ ಬೀದಿಯೂ ಇಲ್ಲ, ಮಸೀದಿಯೂ ಇಲ್ಲ. ನಿಮ್ಮ ಮಸೀದಿ ಚಂದವೇ ಇದೆ ಮಕ್ಕಳೇ, ದೀಪದ ಗೊಂಚಲು, ಕಾಲು ಹೂತುಹೋಗುವ ಜಮಖಾನೆ. ದೂಳು ಬಂದರೆ ಕಿಟಕಿ ಮುಚ್ಚಿದರಾಯಿತು. ನಿಮ್ಮ ಅಪ್ಪನ ಕಾರು ಎಲ್ಲಿದೆ ಎಂದು ಫೋನೇ ತೋರಿಸುತ್ತದೆ. “ಡ್ಯಾಡಿ ಲೇಟ್” ಎಂದು ನೀವು ಉಂಡು ಮಲಗುತ್ತೀರಿ. ಅವನ ತಟ್ಟೆ ಮೈಕ್ರೋವೇವಿನೊಳಗೆ ಒಂಟಿಯಾಗಿ ಕೂತಿರುತ್ತದೆ. ತಪ್ಪು ನಿಮ್ಮದಲ್ಲ. ಆದರೆ ನನಗೆ ಆ ಜಗಲಿಯ ಹಸಿವು ಬೇಕೆನಿಸುತ್ತದೆ, ತುಂಬಾ ಬೇಕೆನಿಸುತ್ತದೆ. ಇವತ್ತು ನಿಮ್ಮ ಅಪ್ಪ ಬರುವ ತನಕ ನನಗೆ ಬಡಿಸಬೇಡಿ.