ಪೇಜ್ ತೋರ್ಸು ಎನ್ನುತ್ತಿದ್ದ ಅಕ್ಕ

ಕಳೆದ ವಾರ ನಮ್ಮ ಕಟ್ಟಡದ ನೆಲಮಾಳಿಗೆಯ ಟ್ವೆಟ್‌ಸ್ತೂಗದಲ್ಲಿ, ಎಂದರೆ ಎಲ್ಲ ಮನೆಯವರೂ ಬಟ್ಟೆ ಒಗೆಯುವ ಕೋಣೆಯಲ್ಲಿ, ಬಟ್ಟೆ ಒಣಗಿಸುವ ಯಂತ್ರದ ಬಾಗಿಲು ತೆರೆದೆ. ಬಿಸಿ ಹತ್ತಿಯ ವಾಸನೆ, ಅದರಲ್ಲಿ ಬೆರೆತ ಲ್ಯಾವೆಂಡರ್ ಪರಿಮಳ ಮುಖಕ್ಕೆ ಹೊಡೆಯಿತು. ಹಿಂದೆ ಮೂರನೇ ಮಹಡಿಯಲ್ಲಿದ್ದ ಅಕ್ಕ ನೆನಪಾದರು. ಬೆನ್ನಿಗೇ ಸಿಟ್ಟು ಬಂತು. ಅವರ ಮೇಲಲ್ಲ...

ಅವರು ಉಡುಪಿ ಕಡೆಯವರು. ಇಲ್ಲೇ, ಸ್ವೀಡನ್ನಿನ ಲಿಂಕೋಪಿಂಗಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಿದ್ದರು. ನಾನಾಗ ಪಿಎಚ್‌ಡಿಯ ಎರಡನೇ ವರ್ಷದಲ್ಲಿದ್ದೆ. ಬುಧವಾರ ಸಂಜೆ ಇಬ್ಬರೂ ಒಟ್ಟಿಗೇ ಬಟ್ಟೆ ಒಗೆಯುತ್ತಿದ್ದೆವು. ಯಂತ್ರ ತಿರುಗುತ್ತಿದ್ದಷ್ಟು ಹೊತ್ತೂ ನಮ್ಮ ಮಾತು ಒಂದೇ: ಒಂದು ಕಾದಂಬರಿ ಸರಣಿ. ಅದರಲ್ಲೊಬ್ಬಳು ದಂಡನಾಯಕಿ, ಅವಳ ಪಾಳೆಯದಲ್ಲೊಬ್ಬ ವೈದ್ಯ. ಇಬ್ಬರ ನಡುವೆ ಪ್ರೀತಿ ಇದೆಯೋ ಇಲ್ಲವೋ ಎಂಬುದು ಓದುಗರ ದೊಡ್ಡ ಜಗಳವಾಗಿತ್ತು. ಸ್ವೀಡನ್ನಿನಲ್ಲಿರುವ ಕನ್ನಡದವರೇ ಮೂವತ್ತು ಜನ ಸೇರಿ ಅದಕ್ಕೆಂದು ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದೆವು.

ನಾಲ್ಕನೇ ಪುಸ್ತಕದಲ್ಲಿ ವೈದ್ಯ ಅವಳ ಹರಿದ ಕೈಗವಸನ್ನು ಹೊಲಿದುಕೊಡುತ್ತಾನೆ. ಅದೊಂದೇ ಸನ್ನಿವೇಶ ಹಿಡಿದು ನಾನು ಉದ್ದದ ಲೇಖನ ಬರೆದು ಗುಂಪಿಗೆ ಹಾಕಿದೆ. ಇವರಿಬ್ಬರೂ ಪ್ರೇಮಿಗಳು, ಪುಸ್ತಕವೇ ಹೇಳುತ್ತಿದೆ ಎಂದೆ. ಹೊಗಳಿಕೆ ಸುರಿಯಿತು. ಅಕ್ಕ ಮಾತ್ರ, ನಾನು ಉಲ್ಲೇಖಿಸಿದ ಐದು ವಾಕ್ಯಗಳಲ್ಲಿ ಎರಡು ಪುಸ್ತಕದಲ್ಲೇ ಇಲ್ಲ ಎಂದು ಎಲ್ಲರೆದುರು ತೋರಿಸಿದರು. ಅವು ನನ್ನ ತಲೆಯಲ್ಲಿ ಹುಟ್ಟಿದ್ದವು.

ಬುಧವಾರ ಮುಖ ಊದಿಸಿಕೊಂಡೇ ಕೆಳಗಿಳಿದೆ.

“ಕೋಪ ಬಂತಾ?” ಎಂದರು ಅಕ್ಕ. “ನಂಗೂ ಅವ್ರಿಬ್ರು ಲವ್‌ನಲ್ಲಿದಾರೆ ಅಂತ್ಲೇ ಅನ್ಸುತ್ತೆ ಕಣೇ. ಆದ್ರೆ ‘ನಂಗನ್ಸುತ್ತೆ’ ಅಂತ ಬರಿ. ‘ಪುಸ್ತಕದಲ್ಲಿದೆ’ ಅಂದ್ರೆ ಪೇಜ್ ತೋರ್ಸು.”

ಇಷ್ಟೇ ಅವರು ಹೇಳಿದ್ದು. ಇಷ್ಟಕ್ಕೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಂದು ಮನೆಗೆ ಹೋದವಳೇ ಗುಂಪಿನ ಇಬ್ಬರಿಗೆ ಪ್ರತ್ಯೇಕವಾಗಿ ಬರೆದೆ: “ಅವರ ಗಂಡ ಶೋವ್ಡೆಯಲ್ಲಿ, ಇವರೊಬ್ಬರೇ ಇಲ್ಲಿ. ಪ್ರೀತಿ ಎಲ್ಲಿಂದ ಕಾಣಬೇಕು?” ಸುಳ್ಳೇನೂ ಇರಲಿಲ್ಲ. ಗಂಡನಿಗೆ ಆ ಊರಿನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ. ಆದರೆ ಪ್ರತಿ ಶುಕ್ರವಾರ ಅಕ್ಕ ಕೋಳಿ ಗಸಿಯ ಡಬ್ಬಿ ಹಿಡಿದು ಅಲ್ಲಿಗೆ ರೈಲು ಹತ್ತುವುದನ್ನು ಕಂಡವಳೂ ನಾನೇ. ಎರಡು ಸಲ ನಾನೇ ಅವರ ಚೀಲ ಎತ್ತಿಕೊಟ್ಟಿದ್ದೆ. ಅದನ್ನು ಬರೆಯಲಿಲ್ಲ.

ಮುಂದಿನದು ಗುಂಪಿನ ಮಹಾಶಯರ ಕೆಲಸ. ಒಬ್ಬರು ನನ್ನ ಸಾಲನ್ನು ನನ್ನ ಹೆಸರಿಲ್ಲದೆ ಗುಂಪಿಗೇ ಹಾಕಿದರು. ಇನ್ನೊಬ್ಬರು “ಡಿವೋರ್ಸ್ ಆಗಿದೆಯಂತೆ” ಎಂದರು. ಮತ್ತೊಬ್ಬರು ಅಕ್ಕ ಬಸ್ಸಿನಲ್ಲಿ ಯಾರದೋ ಕೋಟು ಹಿಡಿದು ನಿಂತಿದ್ದನ್ನು ಕಂಡಿದ್ದರಂತೆ. ಅದು ಕಾಲು ಮುರಿದು ಊರುಗೋಲು ಹಿಡಿದಿದ್ದ ಸಹೋದ್ಯೋಗಿಯ ಕೋಟು ಎಂಬುದು ನನಗೆ ಗೊತ್ತಿತ್ತು. ಒಂದು ಕೋಟಿನಿಂದ ಇಡೀ ಸಂಬಂಧವೊಂದನ್ನು ಕಟ್ಟಿಬಿಟ್ಟರು! ಕತೆಯ ಪಾತ್ರಗಳ ಮೇಲೆ ಆಡುವ ಆಟವನ್ನು ಜೀವವಿರುವ ಹೆಂಗಸಿನ ಮೇಲೆ ಆಡಿದರು. ಪಾತ್ರಗಳಿಗೆ ನೋವಾಗುವುದಿಲ್ಲ. ಈ ಮಾತು ಹಬ್ಬದೂಟದ ಪಂಕ್ತಿಗೆ ಹೋಯಿತು, ಶೋವ್ಡೆಗೆ ಹೋಯಿತು, ಉಡುಪಿಗೂ ಹೋಯಿತು. ಅವರ ಅತ್ತೆ ಫೋನ್ ಮಾಡಿ ಅತ್ತರಂತೆ.

ಅಕ್ಕ ಗುಂಪಿನಲ್ಲಿ ಒಂದೇ ಸಾಲು ಬರೆದರು: “ಇದು ಯಾವ ಪೇಜಲ್ಲಿದೆ?” ಉತ್ತರವಾಗಿ ನಗುವ ಮುಖಗಳು ಬಂದವು. ಅವರು ಹೊರಬಿದ್ದರು. ನಾನು ಸುಮ್ಮನಿದ್ದೆ. ಬಾಯಿ ಬಿಟ್ಟರೆ ಮೊದಲ ಸಾಲು ಯಾರದೆಂಬ ಮಾತು ಏಳುತ್ತದಲ್ಲ...

ಮುಂದಿನ ಬುಧವಾರ ಅವರು ಹಾಸಿಗೆ ಹೊದಿಕೆ ಮಡಚುತ್ತಿದ್ದರು. ಎಂದೂ ಕರಾವಳಿಯ ಮಾತು ಹೊರಬಿಡದವರು ಅಂದು ಅದರಲ್ಲೇ ಮಾತಾಡಿದರು.

“ನೀನು ಕಂಡಿದ್ದಿ ಅಲ್ವಾ ಮಾರಾಯ್ತಿ? ನಾನು ಪ್ರತಿ ಶುಕ್ರವಾರ ಹೋಗುದು?”

“ನಾನು ಸುಳ್ಳೇನೂ ಹೇಳಿಲ್ಲ ಅಕ್ಕಾ.”

“ಇಲ್ಲ. ಕಂಡದ್ದು ಹೇಳ್ಲಿಲ್ಲ, ಅಷ್ಟೇ.”

ಹೊದಿಕೆಯ ಇನ್ನೊಂದು ತುದಿ ಹಿಡಿಯಲು ಕೈ ಚಾಚಿದೆ. ಅವರು ಕೊಡಲಿಲ್ಲ. ಒಬ್ಬರೇ ಮಡಚಿಕೊಂಡರು.

ಎರಡು ತಿಂಗಳಲ್ಲಿ ಗಂಡ ಹೆಂಡತಿ ಇಬ್ಬರೂ ದೂರದ ಉತ್ತರದ ಲುಲೆಯೊ ಊರಿನಲ್ಲಿ ಕೆಲಸ ಹುಡುಕಿಕೊಂಡು ಹೋದರು. ಹೋಗುವ ದಿನ ನನಗೆ ಹೇಳಲಿಲ್ಲ. ಏಕೆ ಹೇಳಬೇಕಿತ್ತು?

ಈ ತಿಂಗಳು ಸರಣಿಯ ಕೊನೆಯ ಪುಸ್ತಕ ಬಂತು. ದಂಡನಾಯಕಿ ವೈದ್ಯನಿಗೆ ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳುತ್ತಾಳೆ. ಗುಂಪಿನಲ್ಲಿ ಹಬ್ಬವೋ ಹಬ್ಬ. “ಪೇಜ್ ಕೇಳ್ತಿದ್ದೋರು ಈಗೆಲ್ಲಿ?” ಎಂದು ಒಬ್ಬರು ಕುಣಿದರು. ಅಕ್ಕನಿಗೂ ಹಾಗೇ ಅನಿಸುತ್ತಿತ್ತು ಎಂದು ಬರೆದೆ. ಶುಕ್ರವಾರದ ರೈಲು, ಕೋಟು ಯಾರದೆಂಬುದು, ಮೊದಲ ಸಾಲು ನನ್ನದೇ ಎಂಬುದು, ಎಲ್ಲವನ್ನೂ ಬರೆದೆ. ಮೂರು ವರ್ಷ ತಡವಾಗಿ.

ಒಂದು ಗಂಟೆಯ ನಂತರ ಒಂದೇ ಉತ್ತರ ಬಂತು: “ಹಳೇದೆಲ್ಲ ಯಾಕೆ ಈಗ? ಖುಷಿಯಾಗಿರೋಣ.” ಆಮೇಲೆ ಮಾತು ಶನಿವಾರದ ಫೀಕಾಕ್ಕೆ, ಆ ಕಾಫಿ ತಿಂಡಿಯ ಕೂಟಕ್ಕೆ, ಯಾರು ಏನು ತರುತ್ತಾರೆ ಎಂಬುದಕ್ಕೆ ಹೊರಳಿತು. ನಾನು ಗುಂಪು ಬಿಟ್ಟೆ.

ಅಕ್ಕನ ಹಳೆಯ ನಂಬರ್ ಚಾಲ್ತಿಯಲ್ಲಿಲ್ಲ. ಹೊಸದನ್ನು ಕೇಳಿ ಪಡೆಯಬಲ್ಲೆ, ಕೇಳುವ ಮುಖ ನನಗಿಲ್ಲ. ಕೊನೆಯ ಪುಸ್ತಕದ ಆ ಅಧ್ಯಾಯವನ್ನು ಮೂರು ಸಲ ಓದಿದ್ದೇನೆ. ಅದರ ಬಗ್ಗೆ ಈವರೆಗೆ ಯಾರೊಂದಿಗೂ ಒಂದು ಮಾತೂ ಆಡಿಲ್ಲ.