ಬ್ಯಾಟರಿ ನೋಡುವ ಅಪ್ಪಣೆ

ರಾಯಚೂರಿನ ನಮ್ಮ ಜಾನಪದ ಧ್ವನಿಸಂಗ್ರಹದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಬೆಳಿಗ್ಗೆ ಬಂದೊಡನೆ ಹಾಡುಗಳೆಲ್ಲ ಇದ್ದ ಸರ್ವರಿನ ನೆತ್ತಿ ಮುಟ್ಟುತ್ತಿದ್ದರು, ಮಗುವಿನ ಜ್ವರ ನೋಡುವಂತೆ. ಅದರೊಳಗೆ ಓಡುವ ಪ್ರತಿ ಸೇವೆಯೂ, ಅಂದರೆ ಪ್ರೋಗ್ರಾಮೂ, ಏನನ್ನು ಮುಟ್ಟಬಹುದೆಂದು ಅವರೇ ನಿಯಮ ಬರೆದಿದ್ದರು. ಸ್ವಲ್ಪ ಸಡಿಲಿಸಿ ಎಂದರೆ ಒಂದೇ ಮಾತು: “ನಿಯಮದಾಗ ಇಲ್ಲಂದ್ರ ಇಲ್ರಿ.”

ಹೊಸ ಯುಪಿಎಸ್ ಬಂತು. ಕರೆಂಟ್ ಹೋಗಿ ಬ್ಯಾಟರಿ ಇಳಿದರೆ ಸರ್ವರನ್ನು ಕೆಡದಂತೆ ಮೆತ್ತಗೆ ಮುಚ್ಚುವ ಸೇವೆಯೊಂದು ಹಿನ್ನೆಲೆಯಲ್ಲಿ ಇರುತ್ತದೆ. ಅದನ್ನು ಅವರು ಕೈಯಾರೆ ಶುರುಮಾಡಿ ನೋಡಿದರು. ಬ್ಯಾಟರಿಯ ಮಟ್ಟ ತೋರಿಸಿತು. “ಸರಿ ಅದ,” ಎಂದು ಎದ್ದರು. ಆಗ ಅದು ಅವರ ಅಧಿಕಾರದಲ್ಲಿ ಓಡಿತ್ತು. ಯಂತ್ರ ತಾನಾಗಿ ಓಡಿಸಿದಾಗ ಅದಕ್ಕೆ ಅವರು ಬರೆದ ನಿಯಮವೇ ಗಡಿ, ಅದರಲ್ಲಿ ಹೊಸ ಬ್ಯಾಟರಿ ನೋಡುವ ಅಪ್ಪಣೆ ಇರಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಸೇವೆ ಬ್ಯಾಟರಿ ನೋಡಲು ಕೇಳುತ್ತಲೇ ಇತ್ತು, ನಿಯಮ ತಡೆಯುತ್ತಲೇ ಇತ್ತು. ಹಾಡುಗಳ ಪ್ರತಿ ತೆಗೆಯುತ್ತಿರುವಾಗಲೇ ಸರ್ವರ್ ಆರಿಹೋಗಿ ಹಾಡುಗಳಿದ್ದ ಡಿಸ್ಕು, ಪ್ರತಿ ಇಳಿಯುತ್ತಿದ್ದ ಡಿಸ್ಕು ಎರಡೂ ಕೆಟ್ಟವು.

ಮರುವಾರ ದೇವದುರ್ಗದಿಂದ ಹೆಂಗಸೊಬ್ಬಳು ಬಂದಳು. ತೀರಿಹೋದ ತಾಯಿ ನಮ್ಮಲ್ಲಿ ಹಾಡಿದ್ದನ್ನು ಅವಳಿಗೆ ಕೇಳಬೇಕಿತ್ತು. ಅವರು ಸರ್ವರಿನ ನೆತ್ತಿ ಮುಟ್ಟಿದರು. ತಣ್ಣಗಿತ್ತು.

“ಕರೆಂಟ್ ಹೋಗಿ ಹಿಂಗಾತವ್ವಾ.”

“ಕರೆಂಟ್ ಬರಲಿ ತಗೋರಿ ಯಪ್ಪಾ, ಕುಂತಿರ್ತೀನಿ,” ಎಂದು ಅವಳು ಗೋಡೆಗೊರಗಿ ಕೂತಳು.

ನಿಜವಾದ ಕಾರಣ ಗೊತ್ತಿದ್ದ ನನ್ನ ಕಡೆ ಅವರು ನೋಡಲಿಲ್ಲ. ಅವಳ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.